ನಾಲ್ಕೂವರೆ ಮಕ್ಕಳು

ಏಪ್ರಿಲ್ ಬಂದರೂ ಸುಪೀರಿಯರ್ ಸರೋವರದ ಅಂಚಿಗೆ
ಹಿಮ ಇನ್ನೂ ಹಳೇ ಹಾಸಿಗೆಯ ಹತ್ತಿಯಂತೆ ಬಿದ್ದಿದೆ.
ಔನೆಯ ಅಡುಗೆಮನೆ ಮೇಜಿನ ಮೇಲೆ
ಹನ್ನೊಂದು ಅರ್ಜಿ, ಒಂದು ಕ್ಯಾಲ್ಕುಲೇಟರು,
ಯಾರೂ ಮುಟ್ಟದೆ ಆರಿದ ಕಾಫಿ.

ರೇನೊ ಮೂವತ್ತೊಂದು ಬೇಸಿಗೆ
ಕಾಡಿನ ಶಿಬಿರಕ್ಕೆ ಹಳದಿ ಬಸ್ಸು ಓಡಿಸಿದವ.
ಹೊಟ್ಟೆ ತೊಳಸುವ ಮಕ್ಕಳಿಗೆಂದು
ಎಡಜೇಬಿನಲ್ಲಿ ಸದಾ ಪೆಪ್ಪರಮಿಂಟು.
ಈಗ ಅವನೊಂದು ನಿಧಿ,
ಹೆಸರಿನ ಮುಂದೊಂದು ಖಾತೆಸಂಖ್ಯೆ.
ಈ ವರ್ಷದ ಬಡ್ಡಿ
ನಾಲ್ಕೂವರೆ ಮಕ್ಕಳಿಗೆ ಸಾಕು.

ಶಿಬಿರಕ್ಕೆ ಯಾಕೆ ಹೋಗಬೇಕು, ಕೇಳುತ್ತದೆ ನಮೂನೆ.
ದೋಣಿ, ಬಿಲ್ಲುಬಾಣ, ನಾಯಕತ್ವದ ಗುಣ.
ಕೊನೆಯದು ಯಾರದೋ ತಾಯಿ ಹೇಳಿ ಬರೆಸಿದ್ದು.
ಒಂಬತ್ತು ವರ್ಷದ ಡೆಸ್ಮಂಡ್
ಕಾಗದ ತೂತಾಗುವಂತೆ ಪೆನ್ಸಿಲು ಒತ್ತಿದ್ದಾನೆ:
'ನಮ್ಮ ಮನೆ ಎದುರು ಪೆಟ್ರೋಲ್ ಬಂಕ್.
ರಾತ್ರಿಯಿಡೀ ದೀಪ. ನಾನು ಕತ್ತಲೆ ನೋಡಬೇಕು.'

ಔನೆ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು.
ಖಜಾಂಚಿ ನಾನು.
ಅರ್ಧ ಮಗುವನ್ನು ಕಳಿಸಲು ಬರುವುದಿಲ್ಲ ಎಂದು
ಹೇಳಬೇಕಾದವನೂ ನಾನೇ.
ಬಾಯಿ ತೆರೆಯುವುದರೊಳಗೆ ಅವಳು
ಗ್ಯಾರೇಜಿನ ಬೀಗದಕೈ ಹುಡುಕುತ್ತಿದ್ದಳು:
ಅವನ ದೋಣಿಯ ಮೋಟರು,
ಎರಡು ವರ್ಷದಿಂದ ಕಂಬಳಿ ಹೊದ್ದು ಮಲಗಿದ್ದು.

ಐದು ಮಂಜೂರು ಪತ್ರ.
ಒಂದೊಂದು ಲಕೋಟೆಗೂ ಒಂದು ಪೆಪ್ಪರಮಿಂಟು ಹಾಕಿ
ನಾಲಗೆಯಿಂದ ಅಂಟಿಸಿದಳು.
ಅಂಚೆಯಲ್ಲಿ ಜಜ್ಜಿಹೋಗುತ್ತದೆ ಅಂದೆ.
ಹೋಗಲಿ ಅಂದಳು.

ಆಗಸ್ಟಿನಲ್ಲಿ ಕಾರ್ಡು ಬಂತು.
ಧನ್ಯವಾದ ಗಿನ್ಯವಾದ ಏನಿಲ್ಲ.
'ಕತ್ತಲೆ ಇತ್ತು. ಮೊದಲ ರಾತ್ರಿ ಅತ್ತುಬಿಟ್ಟೆ.
ಆಮೇಲೆ ಅದರೊಳಗೆ ಕಪ್ಪೆಗಳಿದ್ದವು.
ಪೆಪ್ಪರಮಿಂಟು ಪುಡಿಯಾಗಿತ್ತು.
ಲಕೋಟೆ ನೆಕ್ಕಿದೆ.'