ಬಾಡಿಗೆಯ ಬಿಳಿ ಬಟ್ಟೆ

ತಾಳವಾಡಿ ಸಂತೆಬೀದಿಯಲ್ಲಿ ನನ್ನ ಶಾಮಿಯಾನ ಅಂಗಡಿ.
ಕುರ್ಚಿ ಇನ್ನೂರು, ಹಂಡೆ ಒಂಬತ್ತು,
ಬಿಳಿ ಬಟ್ಟೆ ಹನ್ನೆರಡು:
ಮದುವೆಯಾದರೆ ಊಟದ ಮೇಜಿಗೆ,
ಸಾವಾದರೆ ಹೆಣದ ಹಿಂದಿನ ಗೋಡೆಗೆ.
ಬೇರೆ ಯಾತಕ್ಕೂ ಯಾರೂ ಕೇಳಿದ್ದಿಲ್ಲ.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇತ್ತು.
ಈರೋಡಿನ ಹುಡುಗಿ ಇಳವರಸಿ
ಅರ್ಧ ತಮಿಳು, ಅರ್ಧ ನಮ್ಮ ಮಾತಲ್ಲಿ
ಒಂದು ಬಟ್ಟೆ, ಮೂರು ರಾತ್ರಿಗೆ ಅಂದಳು.
ಯಾರ ಮನೆ ಕಾರ್ಯ?
"ಹುಳದ್ದು."

ಮುಂಗಡ ಈಸಿಕೊಂಡೆ. ನಂಬಿಕೆ ಬರಲಿಲ್ಲ.
ಬಟ್ಟೆಯ ಹಿಂದೆ ನಾನೂ ಹೋದೆ.

ಚಿಕ್ಕಪುಟ್ಟನ ಕೋಸಿನ ಹೊಲದ ನಡುವೆ
ಎರಡು ಗೂಟ, ಒಂದು ಹಗ್ಗ, ಬ್ಯಾಟರಿ ದೀಪ.
ಹಿಂದಿನ ದಿನವಷ್ಟೇ ಔಷಧಿ ಹೊಡೆದಿದ್ದ,
ಮೂಗಿನಲ್ಲಿ ಇನ್ನೂ ಅದರ ಘಾಟು.
ಹತ್ತು ಗಂಟೆಯವರೆಗೆ ಬಂದದ್ದು ಒಂದೇ ಜಾತಿ,
ಬೂದು ಮೈ, ಅಕ್ಕಿಕಾಳಿನಷ್ಟುದ್ದ,
ಕೋಸು ತಿನ್ನುವ ಅದೇ.
"ಯಾವುದಕ್ಕೆ ಹೊಡೆದ್ನೋ ಅದೇ ಬಂದದಲ್ಲ ಕನ್ನಾ!"
ಚಿಕ್ಕಪುಟ್ಟ ಬಟ್ಟೆಗೆ ಬೆನ್ನು ಹಾಕಿ ಬೀಡಿ ಹಚ್ಚಿದ.
ಹುಡುಗಿ ಬರೆದುಕೊಂಡಳು.
ನಾನು ಬದುವಿನ ಮೇಲೆ ನಿದ್ದೆಹೋದೆ.

ಮಾರನೆಯ ರಾತ್ರಿ ಅವನ ತಂಗಿಯ ಹೊಲ.
ರಾಗಿಯ ಸಾಲಿನಲ್ಲಿ ಅವರೆ, ಅಂಚಿಗೆ ಹುಚ್ಚೆಳ್ಳು,
ಯಾರೂ ಕಡಿಯದೆ ಬಿಟ್ಟ ಒಂದು ಹೊಂಗೆ.
ಸೂರ್ಯನ ಕುದುರೆ ಬಂತು, ಕೈ ಮುಗಿದೇ ಇನ್ನೊಂದನ್ನು ತಿಂದಿತು.
ಗುಲಗಂಜಿ ಹುಳ. ಈಸಲು. ಕೊಂಬಿನ ಹುಳ
ನನ್ನ ಅಂಗಿಯ ಜೇಬಿಗೇ ಇಳಿಯಿತು.
ಎಪ್ಪತ್ತರವರೆಗೆ ಎಣಿಸಿ ನಾನು ಬಿಟ್ಟೆ,
ಅವಳು ಬಿಡಲಿಲ್ಲ.

ಮೂರನೆಯದಕ್ಕೆ ಜೀರಹಳ್ಳಿ, ಆನೆಕಂದಕದ ಆಚೆ.
ಇಲಾಖೆಯ ಚೀಟಿ ಅವಳ ಹತ್ತಿರ,
ದಾರಿ ಸೋಲಿಗರ ಕುಂಬೇಗೌಡನ ಹತ್ತಿರ.
ದೀಪ ಹತ್ತಿಸಿ ಕಾಲು ಗಂಟೆಯಾಗಿರಬಹುದು,
ಕುಂಬೇಗೌಡ ಮೂಗು ಮೇಲೆತ್ತಿದ.
ದೀಪ ಆರಿಸಿದ.

ಕುಳಿತೆವು.
ಕತ್ತಲೆ ನಡೆದುಹೋಯಿತು, ಒಂದರ ಹಿಂದೊಂದು,
ಬಿದಿರು ಮುರಿಯಿತು, ಹೊಟ್ಟೆಯೊಳಗಿನ ಗುಡುಗು ಕೇಳಿತು,
ಮರಿಯೊಂದು ನನ್ನ ಬಟ್ಟೆಯನ್ನು ಮೂಸಿತಂತೆ,
ನಾನು ಕಣ್ಣು ಮುಚ್ಚಿದ್ದೆ.
ಬಿಸಿ ಲದ್ದಿಯ ವಾಸನೆ ಮೂಗಿಗೆ ಬಡಿಯುವ ಮೊದಲೇ
ಅದನ್ನು ಕೇಳಿಬಂದವರ ಗುಂಯ್‌ಗುಟ್ಟು ಸುತ್ತಲೂ,
ಉಂಡೆ ಕಟ್ಟಿ ಉರುಳಿಸಿಕೊಂಡು ಹೋಗುವವರು.
ಹೇಳಿಕೆ ಇಲ್ಲದೆ ನೆರೆದ ಪಂಕ್ತಿ,
ಎಲೆ ಹಾಸಿದವರಿಲ್ಲ,
ಬೆಳಗಾಗುವುದರೊಳಗೆ ಉಳಿಕೆಯೂ ಇಲ್ಲ.
ಇಪ್ಪತ್ತು ವರ್ಷ ಹಂಡೆ ತೊಳೆಸಿದವನು ನಾನು, ನನಗೆ ಗೊತ್ತು
ಇದೆಷ್ಟು ದೊಡ್ಡ ಮಾತು ಅಂತ.

ಮತ್ತೆ ದೀಪ. ಬಟ್ಟೆ ಕಾಣಲಿಲ್ಲ.
ಬಟ್ಟೆ ಇದ್ದ ಕಡೆ ರೆಕ್ಕೆಗಳಿದ್ದವು.

ನಡುವೆ ಒಂದು, ಎಳೆಬಾಳೆಯ ಸುಳಿಯ ಬಣ್ಣ,
ಅಂಗೈ ಅಗಲ, ಹಿಂದೆ ಎರಡು ಉದ್ದ ಬಾಲ.
ಇದಕ್ಕೆ ಬಾಯಿಯೇ ಇಲ್ಲ, ಅಂದಳು ಇಳವರಸಿ.
ಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದು ವಾರ.
ಉಣ್ಣದ ನೆಂಟನನ್ನು ನಾನು ಮೊದಲ ಸಲ ಕಂಡೆ.

ಬಟ್ಟೆ ಅಂಗಡಿಗೆ ವಾಪಸು ಬಂತು.
ಮಡಿಸುವಾಗ ಬೆರಳಿಗೆಲ್ಲ ರೆಕ್ಕೆಯ ಹುಡಿ,
ಒಂದು ಮೂಲೆಯಲ್ಲಿ, ಹೊಲಿಗೆಯ ಗುಂಟ,
ರಾಗಿಯ ಬಣ್ಣದ ಹತ್ತೊಂಬತ್ತು ಮೊಟ್ಟೆ.
ಅಷ್ಟರಲ್ಲಿ ಬಾಗಿಲಲ್ಲಿ ಜನ:
ಗುರುಮಲ್ಲಮ್ಮ ತೀರಿಕೊಂಡಳು, ಬಟ್ಟೆ ಕೊಡು, ಬೇಗ.
ಉಳಿದ ಹನ್ನೊಂದೂ ಗುಮಟಾಪುರದ ಮದುವೆಗೆ ಹೋಗಿದ್ದವು.

ಕತ್ತರಿ ತೆಗೆದೆ.

ಮೂಲೆಯನ್ನು ಬೆಂಕಿಪೊಟ್ಟಣದಲ್ಲಿಟ್ಟು
ಕುಂಬೇಗೌಡನ ಕೈಯಲ್ಲಿ ಕಳಿಸಿದೆ.
ಮತ್ತಿ ಮರಕ್ಕೇ ಕಟ್ಟಬೇಕು, ನೆರಳ ಕಡೆ, ಅಂತ
ಎರಡು ಸಲ ಹೇಳಿದೆ. ಅವನು ನಕ್ಕ.

ಗುರುಮಲ್ಲಮ್ಮನ ತಲೆಯ ಹಿಂದೆ
ಆ ಬಟ್ಟೆ ಬಿಗಿಯಾಗಿಯೇ ನಿಂತಿತ್ತು.
"ಇದರ ಮೂಲೆ ಏನಾಯ್ತು?" ಕೇಳಿದರು ಯಾರೋ.
ಇಲಿ, ಅಂದೆ.

ಬಾಡಿಗೆ ಪುಸ್ತಕದಲ್ಲಿ ಮಾತ್ರ ಬೇರೆ ಬರೆದಿದ್ದೇನೆ:
ಬಿಳಿ ಬಟ್ಟೆ ಒಂದು, ಮೂರು ರಾತ್ರಿ.
ಮೂಲೆ, ಗೇಣಗಲ,
ಇನ್ನೂ ವಾಪಸು ಬಂದಿಲ್ಲ.