ಕಡಿಮೆ ಬಿದ್ದ ತೂಕ

ಇಪ್ಪತ್ತಾರು ವರ್ಷದಿಂದ ಈ ಲ್ಯಾಬಿನ ಬೀಗದ ಕೈ ನನ್ನ ಸೊಂಟದಲ್ಲಿದೆ.
ಲೋಲಕದ ತೂಗಾಟ ಎಣಿಸುವ ಮಕ್ಕಳನ್ನು,
ಎಣಿಸದೆಯೇ ಬರೆದುಕೊಳ್ಳುವ ಮಕ್ಕಳನ್ನು ಕಂಡಿದ್ದೇನೆ.
ಇಂಥದ್ದನ್ನು ಮಾತ್ರ ಕಂಡಿರಲಿಲ್ಲ:
ಮೀನಿನ ತೊಟ್ಟಿಯೊಂದನ್ನು ಬೋರಲು ಹಾಕಿ,
ಒಳಗೆ ಸ್ಪಿರಿಟ್ಟಿನಲ್ಲಿ ತೋಯಿಸಿದ ಉಣ್ಣೆ ಬಟ್ಟೆ ಅಂಟಿಸಿ,
ತಳದ ತಗಡಿನಡಿ ಒಣ ಮಂಜುಗಡ್ಡೆ, ಗೋಣಿ ಸುತ್ತಿಕೊಂಡು
ಹಾಸನದ ಐಸ್‌ಕ್ರೀಮ್ ಡಿಪೋದಿಂದ ಚಿಕ್ಕಮಗಳೂರಿಗೆ ಬಂದದ್ದು.
"ಕಿಟಕಿ ಮುಚ್ಚಿ ಧರ್ಮಯ್ಯ," ಅಂದರು ಐರಿನ್ ಮೇಡಂ,
"ಟಾರ್ಚ್ ಅಡ್ಡ ಹಿಡಿಯಿರಿ. ಇನ್ನು ಸುಮ್ಮನೆ ನೋಡಿ."

ಕಪ್ಪು ತಗಡಿನ ಮೇಲೆ ತೆಳು ಮಂಜು.
ಐದು ನಿಮಿಷ ಏನಿಲ್ಲ. ಹಿಂದಿನ ಬೆಂಚಿನ ತೀರ್ಥೇಶ ಆಕಳಿಸಿದ.
ಆಮೇಲೆ ಒಂದು ಗೆರೆ,
ರಂಗೋಲಿ ಪುಡಿ ಬೆರಳಿನಿಂದ ಜಾರುವಷ್ಟು ಹೊತ್ತು,
ನೇರ, ಬೆಳ್ಳಗೆ,
ಇತ್ತು. ಇಲ್ಲ.

"ಅದು ಮ್ಯೂಆನ್. ಎಲೆಕ್ಟ್ರಾನಿನ ದೊಡ್ಡಣ್ಣ, ಇನ್ನೂರು ಪಟ್ಟು ಭಾರ.
ಮುಳ್ಳಯ್ಯನಗಿರಿಯ ಮೇಲೆ ಮುಳ್ಳಯ್ಯನಗಿರಿ, ಹೀಗೆ ಎಂಟು ಪೇರಿಸಿದರೆ
ಆ ಎತ್ತರದಲ್ಲಿ ಹುಟ್ಟಿದ್ದು.
ಆಯಸ್ಸು, ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು.
ಅಷ್ಟರಲ್ಲಿ ಅರ್ಧ ಮೈಲಿಯೂ ದಾಟಬಾರದು.
ಆದರೆ ಓಟ ಜೋರಾದಷ್ಟೂ ಅದರ ಗಡಿಯಾರ ನಿಧಾನ,
ಅದಕ್ಕೇ ನಮ್ಮ ಕಾಲೇಜಿನವರೆಗೆ ಬಂತು."
"ಹಾಜರಿ ಹಾಕಿ ಮೇಡಂ," ಅಂದ ತೀರ್ಥೇಶ.

ಪರಮಾಣು ಒಡೆಯದ್ದು ಅಂದುಕೊಂಡಿದ್ದರಂತೆ. ಒಡೆಯಿತು.
ಒಳಗೆ ಪ್ರೋಟಾನು, ಅದರೊಳಗೆ ಮೂರು ಕ್ವಾರ್ಕು,
ಒಂದೇ ಒಲೆಗೆ ಬಿದ್ದ ಓರಗಿತ್ತಿಯರ ಹಾಗೆ:
ಹತ್ತಿರವಿದ್ದಾಗ ಅವರವರ ಪಾಡಿಗೆ,
ದೂರ ಎಳೆದಷ್ಟೂ ಬಿಗಿ.
ಒಬ್ಬಳನ್ನೇ ಬೇರೆ ಮನೆ ಮಾಡಿಸಿದವರು ಇದುವರೆಗೆ ಇಲ್ಲ.

ನಾನು ಒಳಗೊಳಗೇ ಜರಡಿ ಹಿಡಿದಿದ್ದೆ.
ಅವ್ವ ಸಣ್ಣೀರಮ್ಮ ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿ ಬೀಜ ಆರಿಸುತ್ತಿದ್ದಳು:
ಎ, ಬಿ, ಸಿ, ಒಂಟಿ ಬೀಜದ ಪೀಬೆರಿ, ಮುರುಕು, ಕರಿಕಾಳು.
ಇವರೂ ಜಗತ್ತನ್ನು ಹಾಗೇ ಆರಿಸುತ್ತಿದ್ದಾರೆ,
ಭಾರಕ್ಕೊಂದು ಗುಪ್ಪೆ, ಚಾರ್ಜಿಗೊಂದು ಗುಪ್ಪೆ.

ಮೇಡಂ ಬೋರ್ಡಿಗೆ ತಿರುಗಿದರು.
"ನ್ಯೂಕ್ಲಿಯಸ್ಸಿನಿಂದ ಎಲೆಕ್ಟ್ರಾನ್ ಹೊರಬಿದ್ದಾಗ
ಶಕ್ತಿಯ ಲೆಕ್ಕ ಕಡಿಮೆ ಬೀಳುತ್ತಿತ್ತು.
ಒಂದೊಂದು ಸಲ ಒಂದೊಂದಷ್ಟು.
ಲೆಕ್ಕದ ನಿಯಮವೇ ಸುಳ್ಳಿರಬಹುದು ಅಂದವರಿದ್ದರು.
ಇಲ್ಲ, ಕಾಣದ್ದೊಂದು ಹೊರಗೆ ಹೋಗಿದೆ, ಅಂದರು ಒಬ್ಬರು.
ಅದು ಕೈಗೆ ಸಿಕ್ಕಿದ್ದು ಇಪ್ಪತ್ತಾರು ವರ್ಷದ ಮೇಲೆ. ನ್ಯೂಟ್ರಿನೋ."

ಇಪ್ಪತ್ತಾರು. ನನ್ನ ಸರ್ವೀಸಿನಷ್ಟು.
ಟಾರ್ಚ್ ಅಲುಗಿತು.

ಎಪ್ಪತ್ತೊಂಬತ್ತರ ಬೇಸಿಗೆ. ಅವ್ವನ ಪಾಲಿನ ಮೂಟೆ
ಬೆಳಗ್ಗೆಗಿಂತ ಸಂಜೆ ಒಂದೂವರೆ ಕೆಜಿ ಕಡಿಮೆ ತೂಗಿತು.
ರೈಟರು ಎಲ್ಲರೆದುರು ಸೆರಗು ಕೊಡವಿಸಿದ.
ಬಿದ್ದದ್ದು ಎಲೆಅಡಿಕೆ ಚೀಲ, ಒಂದು ಸೇಫ್ಟಿ ಪಿನ್ನು.
ಆದರೂ ವಾರದ ಬಟವಾಡೆ ಹಿಡಿದ.
ಹಸಿ ಆರದ ಬೀಜ ಇಡೀ ದಿನ ಬಿಸಿಲಲ್ಲಿ ಹರವಿತ್ತು,
ನೀರು ಗಾಳಿಗೆ ಹೋಗಿತ್ತು, ಅಷ್ಟೆ.
ಕಾಣದ್ದೊಂದು ಹೋಗಿದೆ ಎಂದು ನಂಬುವುದಕ್ಕಿಂತ
ಕಾಣುವ ಹೆಂಗಸನ್ನು ಕಳ್ಳಿ ಅನ್ನುವುದು ಸಲೀಸು.
ಅವ್ವ ಸಾಯುವವರೆಗೂ ಕಾಫಿ ಕುಡಿಯಲಿಲ್ಲ.

"ನಿಮ್ಮ ಹೆಬ್ಬೆರಳ ಉಗುರನ್ನು ಈ ಸೆಕೆಂಡಿನಲ್ಲಿ
ಆರು ಸಾವಿರ ಕೋಟಿ ದಾಟಿದವು," ಅನ್ನುತ್ತಿದ್ದರು ಮೇಡಂ,
"ಸೂರ್ಯನಿಂದ. ರಾತ್ರಿಯೂ ಬರುತ್ತವೆ,
ಭೂಮಿಯನ್ನೇ ತೂರಿ, ಕಾಲಡಿಯಿಂದ."
ಮಕ್ಕಳೆಲ್ಲ ಉಗುರು ನೋಡಿಕೊಂಡರು. ನಾನೂ.

ಬೆಲ್ಲಾಯಿತು. ಬೆಂಚು ಸದ್ದು ಮಾಡಿದವು.
ತೊಟ್ಟಿಯೊಳಗೆ ಇನ್ನೆರಡು ಗೆರೆ, ನೋಡುವವರಿಲ್ಲದೆ
ಹಾದುಹೋದವು. ನಾನಿದ್ದೆ.
ಗೋಣಿ ಬಿಚ್ಚಿದರೆ ಒಂದು ಹನಿ ಒದ್ದೆಯೂ ಇಲ್ಲ.
ಸ್ಟಾಕ್ ರಿಜಿಸ್ಟರ್ ತೆಗೆದು ಬರೆದೆ:

ಒಣ ಮಂಜುಗಡ್ಡೆ. ಬಂದದ್ದು ನಾಲ್ಕು ಕೆಜಿ.
ಉಳಿದದ್ದು ಸೊನ್ನೆ.
ಷರಾ: ಯಾರೂ ತೆಗೆದಿಲ್ಲ. ಗಾಳಿಗೆ ಹೋಯಿತು.
ನಾನೇ ನೋಡಿದ್ದೇನೆ.