ಷರಾ

ಅಲ್ ಖೋರ್, ಆಗಸ್ಟ್, ರಾತ್ರಿ ಎರಡು ಗಂಟೆ.
ಗಾಳಿಗೇ ಮೂವತ್ತನಾಲ್ಕು ಡಿಗ್ರಿ.
ಸಾಲುಗಟ್ಟಿದ ಕಾಂಕ್ರೀಟ್ ಲಾರಿಗಳು ಹೊಟ್ಟೆ ತಿರುಗಿಸುತ್ತಿವೆ;
ಒಂದೊಂದರ ಸರಕಿಗೂ ಉಷ್ಣಮಾಪಕ ಚುಚ್ಚುವುದು ನನ್ನ ಕೆಲಸ.
ಮೂವತ್ತೆರಡು ದಾಟಿದರೆ ವಾಪಸ್ಸು.
ದಾಟದಿರಲೆಂದೇ ಅರ್ಧ ನೀರಿನ ಬದಲು
ಐಸು ಪುಡಿಮಾಡಿ ಕಲಸಿದ್ದಾರೆ.
ಐಸು ಎಷ್ಟು ನುಂಗಿತೋ ತೋರಿಸಿಕೊಳ್ಳುವುದಿಲ್ಲ,
ಸೊನ್ನೆಯಲ್ಲೇ ಕೂತು
ತನ್ನ ಗಂಟು ತಾನೇ ಬಿಚ್ಚುತ್ತದೆ.
ಗುಪ್ತೋಷ್ಣ. ಗ್ರಾಮಿಗೆ ಎಂಬತ್ತು ಕ್ಯಾಲೊರಿ.
ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ,
ಎರಡು ಅಂಕ.

‘ಇಷ್ಟು ತಣ್ಣಗೆ ಯಾಕೆ ಸಾರ್, ನಾಳೆ ಹೇಗೂ ಕುದಿಯುತ್ತದಲ್ಲ’
ಅಂದ, ವೈಬ್ರೇಟರ್ ಹಿಡಿದ ಇದಿನಬ್ಬ.
ಅವನಿಗೆ ಯಾರು ಹೇಳಿಕೊಟ್ಟರು?
ಅಜ್ಜನಂತೆ. ಗುರುಪುರ ಹೊಳೆಯ ದಡದಲ್ಲಿ
ಮರುವಾಯಿ ಚಿಪ್ಪು ಸುಡುತ್ತಿದ್ದವರು.
ಗೆರಟೆ ಇದ್ದಲಿನಲ್ಲಿ ರಾತ್ರಿಯಿಡೀ ಬೆಂದು
ಬೆಳ್ಳಗಾಗಿ, ಆರಿ, ಮೂರು ದಿನ ಮೂಲೆಯಲ್ಲಿ ಬಿದ್ದಿದ್ದ ಚಿಪ್ಪನ್ನು
ಕಲ್ಲಿನ ಮರಿಗೆಗೆ ಸುರಿದು ಒಂದು ಚೆಂಬು ತಣ್ಣೀರು ಹೊಯ್ದರೆ
ಬುಸ್ಸೆಂದು ಬಿರಿದು, ಹಬೆಯಾಡಿ, ಹಿಟ್ಟಾಗಿ ಅರಳುತ್ತಿತ್ತು.
‘ತಿಂದ ಬೆಂಕಿ ಕಕ್ಕುತ್ತಿದೆ, ದೂರ ನಿಲ್ಲು.’
ಅಜ್ಜನ ಮುಂಗೈಯಲ್ಲಿ ಒಂದೂ ರೋಮವಿರಲಿಲ್ಲ.

ಮೂರನೇ ದಿನ, ಬೆಳಗಿನ ಬಾಂಗಿನ ಹೊತ್ತು,
ಎರಡು ಮೀಟರ್ ದಪ್ಪದ ಅಡಿಪಾಯದೊಳಗಿಂದ
ಇಣುಕುವ ತಂತಿಗೆ ಮೀಟರ್ ಸಿಕ್ಕಿಸಿದೆ:
ಅರವತ್ತೆಂಟು.
ಕಾಲಿಟ್ಟರೆ ಕಲ್ಲು. ಒಳಗೆ
ಯಾವ ಊರಿನದೋ ಗೂಡಿನ ಉರಿ
ಬೂದು ಪುಡಿಯಾಗಿ ಹಡಗು ಹತ್ತಿ ಬಂದದ್ದು,
ನೀರು ಸಿಕ್ಕಿದ್ದೇ ತಡ, ಬಾಯಿಬಿಟ್ಟಿದೆ.

ಹೊರಗಿನದು ಮೊದಲು ತಣಿದರೆ ಬಿರುಕು.
ಅದಕ್ಕೇ ಈ ಸೆಕೆಯಲ್ಲೂ ಕಲ್ಲಿಗೆ ಕಂಬಳಿ.
ಇದಿನಬ್ಬ ಮಂಡಿಯೂರಿ ಹೊದಿಸುತ್ತಿದ್ದಾನೆ,
ಅಂಚು ಎಳೆದು, ಸುಕ್ಕು ಬಿಡಿಸಿ,
ತೊಟ್ಟಿಲ ಮಗುವಿಗೂ ಇಷ್ಟು ಮಾಡಿಲ್ಲ ಎಂದು ನಗುತ್ತ.
ಕಡಲ ಗಾಳಿ ಆಗಲೇ ಹೊಟ್ಟೆ ತುಂಬ ನೀರು ಕುಡಿದಿದೆ,
ಅವನ ಬೆವರನ್ನು ಅದು ಮುಟ್ಟುತ್ತಿಲ್ಲ.
ಆರಿದರೆ ತಾನೇ ತಂಪು?
ಮೊಣಕೈಯಿಂದ ಇಳಿದು, ಕಂಬಳಿಯ ಮೇಲೆ
ಸಣ್ಣ ಕಪ್ಪು ಚುಕ್ಕೆಗಳಾಗಿ ಉಳಿಯುತ್ತಿದೆ.

ಒಳಗೆ ಅರವತ್ತೆಂಟು, ಹೊರಗೆ ಐವತ್ತೊಂದು,
ವ್ಯತ್ಯಾಸ ಹದಿನೇಳು. ಇಪ್ಪತ್ತರೊಳಗಿದೆ, ಸರಿ.
ಕೊನೆಯ ಕಾಲಮ್ಮು: ಷರಾ.
ಬರೆದೆ: ಅವನಿಗೆ ಎಷ್ಟು?
ಮೇಸ್ತ್ರಿ ಬರುವ ಮೊದಲು ಹೊಡೆದುಹಾಕಿ,
ಕಂಬಳಿ ಹೊದಿಸಲಾಗಿದೆ, ಎಂದು ತಿದ್ದಿ
ಸಹಿ ಮಾಡಿದೆ.